ಕರುಳಿನ ಕ್ಯಾನ್ಸರ್ ರಿಪೋರ್ಟ್‌ನಲ್ಲಿ ‘ಲಿಂಫೋಸೈಟ್’ ಅಂತ ಇದ್ದರೆ ಏನು ಓದಬೇಕು, ಡಾಕ್ಟರ ಹತ್ತಿರ ಏನು ಕೇಳಬೇಕು

ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಆಪರೇಷನ್ ಥಿಯೇಟರಿನಿಂದ ಬರುವ ಕರುಳಿನ ತುಂಡನ್ನು ಮೇಣದ ಬ್ಲಾಕ್ ಮಾಡುವುದು, ಅದನ್ನು ತೆಳ್ಳಗೆ ಕೊಯ್ದು ಗಾಜಿನ ಸ್ಲೈಡಿಗೆ ಹತ್ತಿಸುವುದು, ಬಣ್ಣ ಹಾಕಿ ಪೆಥಾಲಜಿಸ್ಟ್ ಡಾಕ್ಟರ ಮೇಜಿನ ಮೇಲೆ ಇಡುವುದು ನನ್ನ ಕೆಲಸ. ರಿಪೋರ್ಟ್ ಬರೆಯುವುದು ಅವರು. ಆದರೆ ರಿಪೋರ್ಟ್ ಕೊಡುವ ಕೌಂಟರಿನಲ್ಲಿ ಎಷ್ಟೋ ದಿನ ನಾನೇ ಇರುತ್ತೇನೆ. ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಮೇಡಂ, ಎಷ್ಟನೇ ಸ್ಟೇಜು ಅಂತ ಇದೆ?’

ಸ್ಟೇಜು ಮುಖ್ಯ, ನಿಜ. ಆದರೆ ಅದೇ ಹಾಳೆಯಲ್ಲಿ ಇನ್ನೊಂದೆರಡು ಸಾಲು ಇರುತ್ತವೆ, ಗಡ್ಡೆಯೊಳಗೆ ಲಿಂಫೋಸೈಟ್ ಅನ್ನುವ ನಮ್ಮದೇ ರೋಗನಿರೋಧಕ ಕೋಶಗಳು ಎಷ್ಟು ನುಗ್ಗಿವೆ, ಎಲ್ಲಿವೆ ಅಂತ. ಅದನ್ನು ಯಾರೂ ಓದುವುದಿಲ್ಲ. ಅದರ ಜೊತೆಗೇ ಹೋಗುವ ಒಂದು ಟೆಸ್ಟ್ ಇದೆ, ಎಂಎಂಆರ್ ಅಂತ. ಡಿಎನ್‌ಎಯ ತಪ್ಪು ತಿದ್ದುವ ಪ್ರೋಟೀನುಗಳು ಗಡ್ಡೆಯಲ್ಲಿ ಇವೆಯಾ ಅಂತ ನೋಡುವ ಟೆಸ್ಟ್. ಅದನ್ನು ಮಾಡಿಸಿದ್ದಾರಾ ಅಂತಲೂ ಯಾರೂ ಕೇಳುವುದಿಲ್ಲ. ಚಿಕಿತ್ಸೆಯ ದಾರಿಯೇ ಬದಲಾಗುವಂಥ ಟೆಸ್ಟ್ ಅದು. ಮನೆಯಲ್ಲಿ ಯಾರಿಗಾದರೂ ದೊಡ್ಡ ಕರುಳಿನ ಅಥವಾ ಗುದನಾಳದ ಕ್ಯಾನ್ಸರ್ ಅಂತ ಗೊತ್ತಾಗಿ, ಕೈಯಲ್ಲಿ ಫೈಲು ಹಿಡಿದು ಕೂತಿದ್ದೀರಾ? ಹಾಗಿದ್ದರೆ ಹೀಗೆ ಮಾಡಿ.

1. ಕೈಯಲ್ಲಿರುವುದು ಯಾವ ರಿಪೋರ್ಟ್ ಅಂತ ಮೊದಲು ನೋಡಿ

ಸಾಮಾನ್ಯವಾಗಿ ಎರಡು ರಿಪೋರ್ಟ್ ಇರುತ್ತವೆ. ಒಂದು, ಕೊಲೊನೋಸ್ಕೋಪಿ ಮಾಡುವಾಗ ಚಿಮುಟಿ ತೆಗೆದ ಚೂರಿನದ್ದು. ಇದು ಬಯಾಪ್ಸಿ. ಅಕ್ಕಿಕಾಳಿನಷ್ಟು ಚಿಕ್ಕ ನಾಲ್ಕಾರು ಚೂರು ಅಷ್ಟೇ ಬಂದಿರುತ್ತದೆ. ಇನ್ನೊಂದು, ಆಪರೇಷನ್ ಮಾಡಿ ಕರುಳಿನ ಭಾಗವನ್ನೇ ತೆಗೆದ ಮೇಲೆ ಬರುವ ದೊಡ್ಡ ರಿಪೋರ್ಟ್. ಗಡ್ಡೆ ಎಷ್ಟು ಆಳಕ್ಕೆ ಹೋಗಿದೆ, ಎಷ್ಟು ಲಿಂಫ್ ಗಂಟುಗಳನ್ನು ಹುಡುಕಿ ನೋಡಿದ್ದಾರೆ, ಅದರಲ್ಲಿ ಎಷ್ಟರಲ್ಲಿ ಕ್ಯಾನ್ಸರ್ ಇದೆ ಅನ್ನುವುದೆಲ್ಲ ಇದರಲ್ಲಿ ಇರುತ್ತದೆ. ಕಡಿಮೆ ಅಂದರೂ 12 ಗಂಟು ನೋಡಿರಬೇಕು ಅನ್ನುವುದು ಒಪ್ಪಿತ ಲೆಕ್ಕ. ಅದಕ್ಕಿಂತ ಕಡಿಮೆ ಇದ್ದರೆ ಯಾಕೆ ಅಂತ ಕೇಳಿ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ನಿರೋಧಕ ಕೋಶಗಳ ಪೂರ್ತಿ ಚಿತ್ರ ಸಿಗುವುದು ಆಪರೇಷನ್ ತುಂಡಿನಲ್ಲಿ ಮಾತ್ರ. ಗಡ್ಡೆಯ ನಡುಭಾಗ, ಗಡ್ಡೆ ಮುಗಿದು ಒಳ್ಳೆ ಕರುಳು ಶುರುವಾಗುವ ಅಂಚು, ಎರಡೂ ಸಿಗಬೇಕು. ಹೊಲದಲ್ಲಿ ಏನಾಗುತ್ತಿದೆ ಅಂತ ನೋಡಲು ಬದುವಿನ ಮೇಲೂ ಓಡಾಡಬೇಕಲ್ಲ, ಹಾಗೆ. ಚಿಮುಟಿದ ಚೂರಿನಲ್ಲಿ ಆ ಬದು ಇರುವುದೇ ಇಲ್ಲ.

ಆದರೆ ಎಂಎಂಆರ್ ಟೆಸ್ಟ್‌ಗೆ ಬಯಾಪ್ಸಿ ಚೂರು ಧಾರಾಳವಾಗಿ ಸಾಕು. ಎಷ್ಟೋ ಸಲ ಅದೇ ಮೇಲು. ಸಣ್ಣ ಚೂರಿಗೆ ಫಾರ್ಮಲಿನ್ (ತುಂಡು ಕೊಳೆಯದಂತೆ ಮುಳುಗಿಸಿಡುವ ದ್ರವ) ಬೇಗ ಇಳಿಯುತ್ತದೆ, ಕೋಶಗಳು ಹಾಳಾಗದೆ ಉಳಿಯುತ್ತವೆ. ಗುದನಾಳದ ಕ್ಯಾನ್ಸರ್‌ನಲ್ಲಿ ಆಪರೇಷನ್‌ಗೆ ಮೊದಲೇ ರೇಡಿಯೇಷನ್, ಕೀಮೋ ಕೊಟ್ಟಿರುತ್ತಾರೆ. ಆ ಮೇಲೆ ತೆಗೆದ ತುಂಡಿನಲ್ಲಿ ಕೆಲವು ಸಲ ಈ ಟೆಸ್ಟಿನಲ್ಲಿ ನೋಡುವ ಎಂಎಸ್‌ಎಚ್6 ಅನ್ನುವ ಪ್ರೋಟೀನಿನ ಬಣ್ಣ ಸುಮ್ನೆ ಮಸುಕಾಗಿ ಕಂಡು ದಾರಿ ತಪ್ಪಿಸುತ್ತದೆ. ಹಾಗಾಗಿ ಮೊದಲ ಬಯಾಪ್ಸಿಯಲ್ಲೇ ಟೆಸ್ಟ್ ಮಾಡಿಸಲು ಕೇಳಿ.

2. ಬ್ಲಾಕ್ ಎಲ್ಲಿದೆ ಅಂತ ತಿಳಿದಿಟ್ಟುಕೊಳ್ಳಿ

ರಿಪೋರ್ಟ್ ಹಾಳೆ ಕಳೆದುಹೋದರೆ ಇನ್ನೊಂದು ಪ್ರಿಂಟ್ ಸಿಗುತ್ತದೆ. ಬ್ಲಾಕ್ ಕಳೆದುಹೋದರೆ ಏನೂ ಮಾಡಲಾಗದು. ಬ್ಲಾಕ್ ಅಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಜಾಲರಿಯ ಡಬ್ಬಿಗೆ ಅಂಟಿದ ಬಿಳಿ ಮೇಣದ ತುಂಡು, ಅದರೊಳಗೆ ನಿಮ್ಮವರ ಗಡ್ಡೆಯ ಚೂರು. ಡಬ್ಬಿಯ ಓರೆ ಅಂಚಿನಲ್ಲಿ ಒಂದು ನಂಬರ್ ಬರೆದಿರುತ್ತೇವೆ. ರಿಪೋರ್ಟಿನ ಮೇಲ್ಭಾಗದಲ್ಲಿ ಬಯಾಪ್ಸಿ ನಂಬರ್ ಅಥವಾ ಎಚ್‌ಪಿಇ ನಂಬರ್ ಅಂತ ಇರುವುದು ಅದೇ. ಆ ನಂಬರನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಬೇರೆ ಆಸ್ಪತ್ರೆಯಲ್ಲಿ ಇನ್ನೊಂದು ಅಭಿಪ್ರಾಯ ಬೇಕೆಂದರೆ ಬ್ಲಾಕ್ ಮತ್ತು ಸ್ಲೈಡ್ ಎರಡನ್ನೂ ಕೇಳಿ ಪಡೆಯಬಹುದು. ರೋಗಿಯ ಸಹಿ ಇರುವ ಒಂದು ಪತ್ರ, ಗುರುತಿನ ಚೀಟಿ ತನ್ನಿ. ಯಾವ ಬ್ಲಾಕ್‌ನಲ್ಲಿ ಗಡ್ಡೆ ಚೆನ್ನಾಗಿದೆ ಅಂತ ಪೆಥಾಲಜಿಸ್ಟರನ್ನು ಕೇಳಿ ಕೊಡಿ ಅಂತ ಹೇಳಿ. ಆಪರೇಷನ್ ತುಂಡಿನಿಂದ ಇಪ್ಪತ್ತು ಮೂವತ್ತು ಬ್ಲಾಕ್ ಆಗಿರುತ್ತವೆ, ಅದರಲ್ಲಿ ಬರೀ ಕೊಬ್ಬು, ಬರೀ ಒಳ್ಳೆ ಕರುಳು ಇರುವವೂ ಇರುತ್ತವೆ. ಬೇಸಿಗೆಯಲ್ಲಿ ಬಸ್ಸಿನ ಕಿಟಕಿ ಪಕ್ಕ, ಕಾರಿನ ಡ್ಯಾಷ್‌ಬೋರ್ಡಿನ ಮೇಲೆ ಇಡಬೇಡಿ. ಮೇಣ ಮೆತ್ತಗಾಗುತ್ತದೆ. ಒಬ್ಬರು ಕಲಬುರಗಿಯಿಂದ ಮೇ ತಿಂಗಳಲ್ಲಿ ತಂದ ಬ್ಲಾಕ್ ಸೊಟ್ಟಗಾಗಿ, ಅದನ್ನು ಮತ್ತೆ ಹೊಸ ಮೇಣದಲ್ಲಿ ಕೂರಿಸಿ ಕೊಯ್ಯಬೇಕಾಯಿತು. ಚೂರು ಉಳಿದಿತ್ತು, ಪುಣ್ಯ.

3. ಕೋಶಗಳ ಬಗ್ಗೆ ಬರೆದ ಸಾಲು ಹುಡುಕಿ

‘ಮೈಕ್ರೋಸ್ಕೋಪಿ’ ಅಂತ ಶೀರ್ಷಿಕೆ ಇರುವ ಭಾಗಕ್ಕೆ ಬನ್ನಿ. ಅಲ್ಲಿ ಈ ಪದಗಳಲ್ಲಿ ಯಾವುದಾದರೂ ಇದೆಯಾ ನೋಡಿ: ಟ್ಯೂಮರ್ ಇನ್‌ಫಿಲ್ಟ್ರೇಟಿಂಗ್ ಲಿಂಫೋಸೈಟ್ಸ್, ಅಥವಾ ಅದರ ಚಿಕ್ಕ ರೂಪ ಟಿಐಎಲ್. ಇಂಟ್ರಾಟ್ಯೂಮರಲ್ ಅಂದರೆ ಗಡ್ಡೆಯ ಒಳಗೆ, ಪೆರಿಟ್ಯೂಮರಲ್ ಅಂದರೆ ಗಡ್ಡೆಯ ಸುತ್ತ. ಕ್ರೋನ್ಸ್ ಲೈಕ್ ರಿಯಾಕ್ಷನ್ ಅಂತ ಬರೆದಿದ್ದರೆ ಗಾಬರಿ ಬೇಡ, ಕ್ರೋನ್ಸ್ ಅನ್ನುವ ಇನ್ನೊಂದು ಕಾಯಿಲೆ ಬಂದಿದೆ ಅಂತ ಅರ್ಥ ಅಲ್ಲ. ಗಡ್ಡೆಯ ಅಂಚಿನಾಚೆ ಲಿಂಫೋಸೈಟ್‌ಗಳು ಗುಂಪು ಗುಂಪಾಗಿ ಗಂಟು ಕಟ್ಟಿಕೊಂಡು ಕೂತಿವೆ, ಅದು ನೋಡಲು ಆ ಕಾಯಿಲೆಯಲ್ಲಿ ಕಾಣುವ ಹಾಗಿದೆ, ಅಷ್ಟೇ.

ಸ್ಲೈಡಿನಲ್ಲಿ ಅದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ, ಆಗ ಈ ಪದಗಳಿಗೆ ಜೀವ ಬರುತ್ತದೆ. ನಾವು ಕೊಯ್ಯುವ ಪದರ ಮೂರು ನಾಲ್ಕು ಮೈಕ್ರಾನ್ ದಪ್ಪ. ಅಂದರೆ ಒಂದು ಮಿಲಿಮೀಟರಿನಲ್ಲಿ ಸುಮಾರು 250ರಿಂದ 330 ಪದರ. ಅದನ್ನು ಬೆಚ್ಚನೆ ನೀರಿನ ಮೇಲೆ ತೇಲಿಬಿಟ್ಟು, ಗಾಜಿನ ಸ್ಲೈಡಿನಿಂದ ಮೆಲ್ಲಗೆ ಎತ್ತಿಕೊಳ್ಳುತ್ತೇವೆ. ಆಮೇಲೆ ಎರಡು ಬಣ್ಣ. ಒಂದು ಕೋಶದ ಕೇಂದ್ರವನ್ನು ನೇರಳೆ ಮಾಡುತ್ತದೆ, ಇನ್ನೊಂದು ಉಳಿದಿದ್ದನ್ನೆಲ್ಲ ಗುಲಾಬಿ. ಕಣ್ಣಿಟ್ಟು ನೋಡಿದರೆ ಕ್ಯಾನ್ಸರ್ ಕೋಶಗಳು ದೊಡ್ಡವು, ಆಕಾರ ಕೆಟ್ಟವು, ಒಂದರ ಮೇಲೊಂದು ನೂಕಿಕೊಂಡು ವಕ್ರವಕ್ರ ಉಂಗುರಗಳಾಗಿ ನಿಂತಿರುತ್ತವೆ. ಅವುಗಳ ನಡುವೆ ಪುಟ್ಟದಾಗಿ, ದುಂಡಗೆ, ಗಾಢ ನೇರಳೆಯಾಗಿ ಚುಕ್ಕಿಗಳು. ಒಗ್ಗರಣೆಯ ಸಾಸಿವೆ ಚೆಲ್ಲಿದ ಹಾಗೆ. ಅವೇ ಲಿಂಫೋಸೈಟ್. ಕೆಲವು ಸ್ಲೈಡಿನಲ್ಲಿ ಹುಡುಕಿದರೆ ಒಂದೋ ಎರಡೋ. ಇನ್ನು ಕೆಲವದರಲ್ಲಿ ಕ್ಯಾನ್ಸರ್ ಉಂಗುರದ ಗೋಡೆಯೊಳಗೇ ಸಾಲಾಗಿ ನುಗ್ಗಿರುತ್ತವೆ, ಪ್ರತಿ ಚುಕ್ಕಿಯ ಸುತ್ತ ಒಂದು ತೆಳ್ಳನೆ ಬಿಳಿ ವಲಯ ಇರುತ್ತದೆ. ಇಷ್ಟು ವರ್ಷ ನೋಡಿದರೂ ಅಂಥ ಸ್ಲೈಡ್ ಬಂದಾಗ ನಾನು ಸ್ವಲ್ಪ ಹೊತ್ತು ಜಾಸ್ತಿ ನೋಡುತ್ತೇನೆ.

ಆ ಸಾಸಿವೆ ಕಾಳುಗಳೆಲ್ಲ ಒಂದೇ ಜಾತಿಯವಲ್ಲ. ಬರೀ ನೇರಳೆ ಬಣ್ಣದಲ್ಲಿ ಅದು ಗೊತ್ತಾಗುವುದಿಲ್ಲ, ಬೇರೆ ಟೆಸ್ಟ್ ಬೇಕು. ಲಿಂಫೋಸೈಟ್‌ಗಳಲ್ಲಿ ಟಿ ಕೋಶ ಅನ್ನುವ ಒಂದು ಬಗೆ ಇದೆ, ಸಿಡಿ3 ಅನ್ನುವ ಗುರುತು ಎಲ್ಲ ಟಿ ಕೋಶಗಳ ಮೇಲೂ ಇರುತ್ತದೆ. ಅದರಲ್ಲಿ ಸಿಡಿ8 ಇರುವವು ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲಬಲ್ಲವು. ಸಿಡಿ4 ಇರುವ ಬಹಳಷ್ಟು ಕೋಶಗಳು ಉಳಿದವಕ್ಕೆ ಕೆಲಸ ಹಚ್ಚುವವು, ಆದರೆ ಅವುಗಳಲ್ಲೇ ಒಂದು ಪಂಗಡ ‘ಸಾಕು, ನಿಲ್ಲಿಸಿ’ ಅನ್ನುವಂಥದ್ದು. ನಮ್ಮ ದೇಹ ತನ್ನನ್ನೇ ತಾನು ತಿಂದುಕೊಳ್ಳದಿರಲು ಅಂಥವು ಬೇಕು, ಆದರೆ ಗಡ್ಡೆಯೊಳಗೆ ಅವು ಕ್ಯಾನ್ಸರ್‌ಗೆ ಅನುಕೂಲ ಮಾಡಿಕೊಡಬಹುದು. ಮ್ಯಾಕ್ರೋಫೇಜ್ ಅನ್ನುವ ದೊಡ್ಡ ಕೋಶಗಳದ್ದೂ ಇದೇ ಕಥೆ. ಒಂದು ಕಡೆ ಸತ್ತ ಕೋಶ ತಿಂದು ಸ್ವಚ್ಛ ಮಾಡುತ್ತವೆ, ಇನ್ನೊಂದು ಕಡೆ ಗಡ್ಡೆಗೆ ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತವೆ. ಹಾಗಾಗಿ ‘ಕೋಶ ಇವೆ’ ಅಂದ ಮಾತ್ರಕ್ಕೆ ಎಲ್ಲ ಒಳ್ಳೆಯದು ಅಂತಲ್ಲ. ಯಾವುದು, ಎಷ್ಟು, ಎಲ್ಲಿ, ಇವು ಮೂರೂ ಬೇಕು.

ಈ ಮೂರನ್ನು ಲೆಕ್ಕ ಹಾಕಿದರೆ ಕಾಯಿಲೆ ಮುಂದೆ ಹೇಗೆ ಹೋಗಬಹುದು ಅಂತ ಅಂದಾಜಿಸಬಹುದು ಅನ್ನುವುದನ್ನು 2006ರಲ್ಲಿ ಪ್ಯಾರಿಸ್‌ನ ಜೆರೋಮ್ ಗಾಲೋನ್ ಮತ್ತು ಅವರ ತಂಡ ಕರುಳಿನ ಕ್ಯಾನ್ಸರ್‌ನಲ್ಲೇ ತೋರಿಸಿತು. ಅದರಿಂದ ಇಮ್ಯುನೋಸ್ಕೋರ್ ಅನ್ನುವ ಲೆಕ್ಕ ಹುಟ್ಟಿತು: ಸಿಡಿ3 ಮತ್ತು ಸಿಡಿ8 ಕೋಶಗಳನ್ನು ಗಡ್ಡೆಯ ನಡುವೆ, ಬದುವಿನಲ್ಲಿ, ಎರಡೂ ಕಡೆ ಕಂಪ್ಯೂಟರ್ ಎಣಿಸುತ್ತದೆ. 2018ರಲ್ಲಿ 13 ದೇಶಗಳ ಕೇಂದ್ರಗಳು ಸೇರಿ 2681 ರೋಗಿಗಳ ಗಡ್ಡೆಗಳಲ್ಲಿ ಅದನ್ನು ಪರೀಕ್ಷಿಸಿದವು, ನಮ್ಮ ದೇಶದಿಂದ ಅಹಮದಾಬಾದಿನ ಕ್ಯಾನ್ಸರ್ ಸಂಸ್ಥೆ ಅದರಲ್ಲಿತ್ತು. ಅಂಕ ಜಾಸ್ತಿ ಇದ್ದವರಲ್ಲಿ ಕಾಯಿಲೆ ಮರುಕಳಿಸಿದ್ದು ಕಡಿಮೆ.

ಇದನ್ನು ಓದಿ ‘ನಮಗೂ ಇಮ್ಯುನೋಸ್ಕೋರ್ ಮಾಡಿಸಿ’ ಅಂತ ಓಡಬೇಡಿ. ಅದನ್ನು ಮುಖ್ಯವಾಗಿ 2 ಮತ್ತು 3ನೇ ಸ್ಟೇಜಿನಲ್ಲಿ, ಕೀಮೋ ಎಷ್ಟು ಬೇಕು ಅನ್ನುವ ಗೊಂದಲ ಇದ್ದಾಗ ನೋಡುತ್ತಾರೆ. ನಮ್ಮ ಕಡೆಯ ಸಾಮಾನ್ಯ ಲ್ಯಾಬುಗಳಲ್ಲಿ ಅದು ದಿನನಿತ್ಯದ ಟೆಸ್ಟ್ ಅಲ್ಲ. ನಿಮ್ಮ ರಿಪೋರ್ಟಿನಲ್ಲಿ ಲಿಂಫೋಸೈಟ್ ಬಗ್ಗೆ ಒಂದು ಸಾಲೂ ಇಲ್ಲದಿದ್ದರೂ ಎದೆಗುಂದಬೇಡಿ, ಎಷ್ಟೋ ಕಡೆ ಅದನ್ನು ಬರೆಯುವ ರೂಢಿಯೇ ಇಲ್ಲ. ‘ಗಡ್ಡೆಯಲ್ಲಿ ಟಿಐಎಲ್ ಹೇಗಿದೆ?’ ಅಂತ ಒಂದು ಮಾತು ಕೇಳಿದರೆ ಪೆಥಾಲಜಿಸ್ಟ್ ಸ್ಲೈಡ್ ನೋಡಿ ಹೇಳಿಯಾರು. ನಿಮ್ಮ ದುಡ್ಡು, ಶಕ್ತಿ ಎರಡನ್ನೂ ಮುಂದಿನ ಹೆಜ್ಜೆಗೆ ಉಳಿಸಿಕೊಳ್ಳಿ.

4. ಎಂಎಂಆರ್ ಟೆಸ್ಟ್ ಆಗಿದೆಯಾ ನೋಡಿ, ಆಗಿಲ್ಲವಾದರೆ ಈಗಲೇ ಕೇಳಿ

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ಕೋಶ ಎರಡಾಗುವಾಗ ತನ್ನ ಡಿಎನ್‌ಎಯನ್ನು ನಕಲು ಮಾಡಬೇಕು. ನಕಲಿನಲ್ಲಿ ತಪ್ಪುಗಳು ಬೀಳುತ್ತವೆ. ಅಚ್ಚಿನ ಮನೆಯಲ್ಲಿ ಕರಡು ತಿದ್ದುವವರು ಇರುತ್ತಾರಲ್ಲ, ಹಾಗೆ ಈ ತಪ್ಪುಗಳನ್ನು ಹಿಡಿದು ತಿದ್ದುವ ಪ್ರೋಟೀನುಗಳಿವೆ. ಮುಖ್ಯವಾದವು ನಾಲ್ಕು: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ಮೊದಲೆರಡು ಜೋಡಿ, ಕೊನೆಯೆರಡು ಜೋಡಿ. ಕರುಳಿನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಸುಮಾರು 15ರಲ್ಲಿ ಈ ತಿದ್ದುವ ಕೆಲಸ ನಿಂತುಹೋಗಿರುತ್ತದೆ. ಬೇರೆ ಅಂಗಕ್ಕೆ ಹರಡಿದ 4ನೇ ಸ್ಟೇಜಿನಲ್ಲಿ ಅದು ನೂರಕ್ಕೆ ನಾಲ್ಕೈದು ಮಾತ್ರ. ಬಲಗಡೆಯ ದೊಡ್ಡ ಕರುಳಿನ ಗಡ್ಡೆಗಳಲ್ಲಿ ಜಾಸ್ತಿ ಸಿಗುತ್ತದೆ.

ತಿದ್ದುವವರು ಇಲ್ಲದಿದ್ದರೆ ತಪ್ಪುಗಳು ಸಾವಿರಗಟ್ಟಲೆ ತುಂಬಿಕೊಳ್ಳುತ್ತವೆ. ಆ ತಪ್ಪು ಅಕ್ಷರಗಳಿಂದ ವಿಚಿತ್ರ ಪ್ರೋಟೀನುಗಳು ಹುಟ್ಟುತ್ತವೆ. ಟಿ ಕೋಶಗಳಿಗೆ ಅವು ಅಪರಿಚಿತ ಮುಖ. ಅದಕ್ಕೇ ಈ ಬಗೆಯ ಗಡ್ಡೆಗಳೊಳಗೆ ಸಾಸಿವೆ ಕಾಳು ಅಷ್ಟೊಂದು ನುಗ್ಗಿರುವುದು. ಸ್ಲೈಡಿನಲ್ಲಿ ಲಿಂಫೋಸೈಟ್ ತುಂಬಿದ್ದನ್ನು ನೋಡಿದ ಕೂಡಲೇ ನಮ್ಮ ಡಾಕ್ಟರು ‘ಇದಕ್ಕೆ ಎಂಎಂಆರ್ ಹಾಕಮ್ಮ’ ಅನ್ನುವುದು ಅದಕ್ಕೇ. ಆದರೆ ಕಣ್ಣಳತೆ ಸಾಲದು. ಲಿಂಫೋಸೈಟ್ ಕಡಿಮೆ ಕಂಡರೂ ಎಲ್ಲ ಕರುಳಿನ ಕ್ಯಾನ್ಸರ್‌ಗಳಿಗೂ ಈ ಟೆಸ್ಟ್ ಮಾಡಬೇಕು ಅನ್ನುವುದೇ ಈಗಿನ ಶಿಫಾರಸು.

ಟೆಸ್ಟಿನ ಹೆಸರು ಎಂಎಂಆರ್ ಐಎಚ್‌ಸಿ. ಐಎಚ್‌ಸಿ ಅಂದರೆ ಬಣ್ಣ ಹಾಕಿ ಪ್ರೋಟೀನ್ ಹುಡುಕುವ ಟೆಸ್ಟ್. ನಾಲ್ಕು ಪ್ರೋಟೀನಿಗೆ ನಾಲ್ಕು ಸ್ಲೈಡ್. ಪ್ರೋಟೀನ್ ಇದ್ದರೆ ಕೋಶದ ಕೇಂದ್ರ ಕಂದು ಬಣ್ಣಕ್ಕೆ ತಿರುಗುತ್ತದೆ, ಇಲ್ಲದಿದ್ದರೆ ಬರೀ ನೀಲಿ. ಈಗ ನೋಡಿ, ಇಲ್ಲೇ ಆ ನಿರೋಧಕ ಕೋಶಗಳು ಇನ್ನೊಂದು ದೊಡ್ಡ ಕೆಲಸ ಮಾಡುತ್ತವೆ. ಅವು ಕ್ಯಾನ್ಸರ್ ಕೋಶಗಳಲ್ಲ, ಅವುಗಳಲ್ಲಿ ನಾಲ್ಕೂ ಪ್ರೋಟೀನ್ ಸರಿಯಾಗಿ ಇರುತ್ತದೆ. ಹಾಗಾಗಿ ಅವು ಕಂದಾಗಲೇಬೇಕು. ಗಡ್ಡೆಯ ಕೋಶ ನೀಲಿ, ಅದರ ಮಗ್ಗುಲಲ್ಲೇ ಕೂತ ಲಿಂಫೋಸೈಟ್ ಕಂದು ಅಂದರೆ ಟೆಸ್ಟ್ ಸರಿಯಾಗಿದೆ, ಪ್ರೋಟೀನ್ ನಿಜವಾಗಿಯೂ ಇಲ್ಲ. ಎರಡೂ ನೀಲಿ ಇದ್ದರೆ ಟೆಸ್ಟೇ ಕೆಟ್ಟಿದೆ. ಆಗ ‘ಪ್ರೋಟೀನ್ ಇಲ್ಲ’ ಅಂತ ಬರೆಯುವ ಹಾಗಿಲ್ಲ. ಗಡ್ಡೆಯೊಳಗಿನ ಲಿಂಫೋಸೈಟ್ ಅಲ್ಲೇ ಕೂತು ಸಾಕ್ಷಿ ಹೇಳುತ್ತದೆ.

ಒಂದು ಸಲ ಹೀಗಾಯಿತು. ಶನಿವಾರ ಸಂಜೆ ಹೊರಗಿನ ಒಂದು ಆಸ್ಪತ್ರೆಯಿಂದ ಕರುಳಿನ ತುಂಡು ಬಂತು. ಅದನ್ನು ಸೀಳಿ ಬಿಡಿಸದೆ, ಹಾಗೇ ಸುರುಳಿಯಾಗಿ ಒಂದು ಚಿಕ್ಕ ಡಬ್ಬಿಗೆ ತುರುಕಿದ್ದರು, ಫಾರ್ಮಲಿನ್ ಅರ್ಧ ಮುಳುಗುವಷ್ಟು ಇತ್ತು. ಆಪರೇಷನ್ ಆಗಿದ್ದು ಗುರುವಾರ. ಹೊರಗಡೆ ಗಟ್ಟಿಯಾಗಿ, ಒಳಗೆ ಮೆತ್ತಗೆ ಕೊಳೆತಂತಾಗಿತ್ತು. ಎಂಎಂಆರ್ ಹಾಕಿದಾಗ ಎರಡು ಸ್ಲೈಡಿನಲ್ಲಿ ಗಡ್ಡೆಯೂ ನೀಲಿ, ಲಿಂಫೋಸೈಟೂ ನೀಲಿ. ಮತ್ತೆ ಹಾಕಿದೆ. ಅದೇ. ಕೊನೆಗೆ ರೋಗಿಯ ಮಗನಿಗೆ ಫೋನ್ ಮಾಡಿ, ಮೊದಲ ಕೊಲೊನೋಸ್ಕೋಪಿಯ ಬ್ಲಾಕ್ ಎಲ್ಲಿದೆ ಅಂತ ಹುಡುಕಿಸಿದೆವು. ಹಾಸನದ ಒಂದು ಲ್ಯಾಬಿನಲ್ಲಿತ್ತು. ಆ ಹುಡುಗ ಬೆಳಗಿನ ಬಸ್ಸಿಗೆ ಹೋಗಿ ರಾತ್ರಿ ತಂದುಕೊಟ್ಟ. ಅದರಲ್ಲಿ ಲಿಂಫೋಸೈಟ್ ಕಂದಾಗಿ, ಗಡ್ಡೆಯೂ ಕಂದಾಗಿ ಸ್ಪಷ್ಟವಾಗಿ ಬಂತು. ಮೊದಲಿನ ಸ್ಲೈಡ್ ನಂಬಿ ‘ಪ್ರೋಟೀನ್ ಇಲ್ಲ’ ಅಂತ ಬರೆದಿದ್ದರೆ ಆ ಮನೆಯವರು ಬೇಡದ ದಾರಿಗೆ ಹೋಗುತ್ತಿದ್ದರು.

ಆದ್ದರಿಂದ ರಿಪೋರ್ಟಿನಲ್ಲಿ ಎರಡು ವಿಷಯ ನೋಡಿ. ನಾಲ್ಕೂ ಹೆಸರಿನ ಮುಂದೆ ‘ರಿಟೇನ್ಡ್’ ಅಥವಾ ‘ಇಂಟ್ಯಾಕ್ಟ್’ ಅಂತಿದ್ದರೆ ಪ್ರೋಟೀನ್ ಇದೆ. ‘ಲಾಸ್’ ಅಂತಿದ್ದರೆ ಇಲ್ಲ. ಪಕ್ಕದಲ್ಲಿ ‘ಇಂಟರ್ನಲ್ ಕಂಟ್ರೋಲ್ ಪಾಸಿಟಿವ್’ ಅಂತ ಇದೆಯಾ ನೋಡಿ, ಅಂದರೆ ಲಿಂಫೋಸೈಟ್‌ನಂಥ ಒಳ್ಳೆ ಕೋಶಗಳು ಕಂದಾಗಿವೆ ಅಂತ. ‘ಲಾಸ್’ ಅಂತ ಬರೆದು ಕಂಟ್ರೋಲ್ ಬಗ್ಗೆ ಏನೂ ಇಲ್ಲದಿದ್ದರೆ, ‘ಲಿಂಫೋಸೈಟ್ ಸ್ಟೇನ್ ಆಗಿತ್ತಾ?’ ಅಂತ ಕೇಳಿ. ಸಂಕೋಚ ಬೇಡ, ಇದು ಸರಿಯಾದ ಪ್ರಶ್ನೆ. ಇದೇ ವಿಷಯವನ್ನು ಡಿಎನ್‌ಎ ಮೂಲಕ ನೋಡುವ ಟೆಸ್ಟಿಗೆ ಎಂಎಸ್‌ಐ ಅನ್ನುತ್ತಾರೆ. ಎಂಎಸ್‌ಐ ಹೈ ಅಂದರೆ ಹೆಚ್ಚುಕಡಿಮೆ ಎಂಎಂಆರ್ ಲಾಸ್ ಇದ್ದ ಹಾಗೇ. ಎಂಎಸ್‌ಎಸ್ ಅಂದರೆ ಲಾಸ್ ಇಲ್ಲ.

5. ‘ಲಾಸ್’ ಅಂತ ಬಂದರೆ ಮನೆಯವರ ಬಗ್ಗೆಯೂ ಯೋಚಿಸಿ

ಎಂಎಲ್‌ಎಚ್1 ಮತ್ತು ಪಿಎಂಎಸ್2 ಒಟ್ಟಿಗೆ ಹೋಗಿದ್ದರೆ ಬಹಳ ಸಲ ಅದು ವಯಸ್ಸಾದ ಮೇಲೆ ಆ ಗಡ್ಡೆಯಲ್ಲಷ್ಟೇ ಆದ ಬದಲಾವಣೆ. ಗಡ್ಡೆಯ ಚೂರಿನ ಮೇಲೆ ಮಾಡುವ ಬಿಆರ್‌ಎಎಫ್ ಅನ್ನುವ ಜೀನ್ ಟೆಸ್ಟ್ ಅಥವಾ ಮಿಥೈಲೇಷನ್ ಟೆಸ್ಟ್ (ಜೀನ್ ಮುಚ್ಚಿಹೋಗಿದೆಯಾ ಅಂತ ನೋಡುವುದು) ಪಾಸಿಟಿವ್ ಬಂದರೆ ಮನೆತನದಲ್ಲಿ ಬಂದ ದೋಷ ಆಗಿರುವ ಸಂಭವ ತೀರಾ ಕಡಿಮೆ. ಎಂಎಸ್‌ಎಚ್2, ಎಂಎಸ್‌ಎಚ್6 ಹೋಗಿದ್ದರೆ ಲಿಂಚ್ ಸಿಂಡ್ರೋಮ್ ಅನ್ನುವ, ತಂದೆಯಿಂದಲೋ ತಾಯಿಯಿಂದಲೋ ಬರುವ ಜೀನ್ ದೋಷದ ಅನುಮಾನ ಜಾಸ್ತಿ. ಆಗ ರಕ್ತದ ಜೆನೆಟಿಕ್ ಟೆಸ್ಟ್ ಮಾಡುತ್ತಾರೆ.

ಲಿಂಚ್ ಇದ್ದವರ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಅದು ಬಂದಿರುವ ಸಂಭವ ಅರ್ಧಕ್ಕರ್ಧ. ಹೆಣ್ಣುಮಕ್ಕಳಿಗೆ ಗರ್ಭಕೋಶದ ಕ್ಯಾನ್ಸರ್ ಅಪಾಯವೂ ಇದೆ. ಹೆದರಿಸಲು ಹೇಳುತ್ತಿಲ್ಲ. ಮೊದಲೇ ಗೊತ್ತಾದರೆ ಕಾಯಿಲೆ ಬರುವ ಮುಂಚೆಯೇ ತಡೆಯಬಹುದು. ಎಂಎಲ್‌ಎಚ್1, ಎಂಎಸ್‌ಎಚ್2 ದೋಷ ಇರುವವರಿಗೆ 20-25ನೇ ವಯಸ್ಸಿನಿಂದಲೇ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಕೊಲೊನೋಸ್ಕೋಪಿ ಮಾಡಿಸಲು ಹೇಳುತ್ತಾರೆ. ಪಾಲಿಪ್ ಅನ್ನುವ ಚಿಕ್ಕ ಗಂಟು ಸಿಕ್ಕರೆ ಅಲ್ಲೇ ತೆಗೆದುಬಿಡುತ್ತಾರೆ.

ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗುವ ಮುಂಚೆ ಮನೆಯ ಹಿರಿಯರ ಹತ್ತಿರ ಕೂತು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಅಜ್ಜ ಅಜ್ಜಿ, ದೊಡ್ಡಪ್ಪ, ಸೋದರಮಾವ, ಅತ್ತೆ, ಚಿಕ್ಕಮ್ಮ, ಯಾರು ಯಾವ ವಯಸ್ಸಿನಲ್ಲಿ ಏನಾಗಿ ತೀರಿಕೊಂಡರು. ಹಳೇ ಕಾಲದಲ್ಲಿ ‘ಹೊಟ್ಟೆ ಗಡ್ಡೆ’, ‘ರಕ್ತಭೇದಿ’, ‘ಗರ್ಭಕೋಶ ತೆಗೆಸಿದ್ರು’ ಅಂತಷ್ಟೇ ಹೇಳುತ್ತಿದ್ದರು. ಹಾಗೇ ಬರೆಯಿರಿ. ನಮ್ಮಲ್ಲಿ ಮಗಳ ಮದುವೆಗೆ ತೊಂದರೆ ಆಗುತ್ತದೆ ಅಂತ ಈ ವಿಷಯ ಮುಚ್ಚಿಡುವವರು ಬಹಳ. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಆ ಮಗಳಿಗಾದರೂ ಹೇಳಿ, ದಯವಿಟ್ಟು.

6. ಆಂಕೊಲಜಿಸ್ಟ್ (ಕ್ಯಾನ್ಸರ್ ಡಾಕ್ಟರ್) ಹತ್ತಿರ ಕೇಳಬೇಕಾದ್ದು

ಟಿ ಕೋಶಗಳ ಮೇಲೆ ಪಿಡಿ-1 ಅನ್ನುವ ಬ್ರೇಕ್ ಇದೆ. ಗಡ್ಡೆ ಆ ಬ್ರೇಕ್ ಒತ್ತಿ ಹಿಡಿದಿರುತ್ತದೆ. ಕೋಶಗಳು ಒಳಗೆ ಬಂದಿವೆ, ಕೈ ಕಟ್ಟಿ ಕೂತಿವೆ. ಆ ಬ್ರೇಕ್ ಬಿಡಿಸುವ ಔಷಧಿಗಳೇ ಇಮ್ಯುನೋಥೆರಪಿ. ಇಂಥ ಬ್ರೇಕ್ ಬಿಡಿಸಿ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡುವ ದಾರಿ ಕಂಡುಹಿಡಿದದ್ದಕ್ಕೆ ಜಪಾನಿನ ತಸುಕು ಹೊಂಜೊ, ಅಮೆರಿಕದ ಜೇಮ್ಸ್ ಆಲಿಸನ್ ಅವರಿಗೆ 2018ರಲ್ಲಿ ನೊಬೆಲ್ ಬಂತು. ಔಷಧಿ ನೇರವಾಗಿ ಕ್ಯಾನ್ಸರನ್ನು ಕೊಲ್ಲುವುದಿಲ್ಲ, ಕೆಲಸ ಮಾಡುವುದು ಆ ಸಾಸಿವೆ ಕಾಳುಗಳೇ.

4ನೇ ಸ್ಟೇಜು, ಎಂಎಂಆರ್ ಲಾಸ್ ಇದೆ ಅಂದರೆ ಮೊದಲ ಪ್ರಶ್ನೆ: ‘ಕೀಮೋ ಬದಲು ಮೊದಲೇ ಇಮ್ಯುನೋಥೆರಪಿ ಕೊಡಬಹುದಾ?’ 2020ರಲ್ಲಿ ಬಂದ 307 ರೋಗಿಗಳ ಒಂದು ದೊಡ್ಡ ಅಧ್ಯಯನದಲ್ಲಿ ಪೆಂಬ್ರೊಲಿಜುಮ್ಯಾಬ್ ಅನ್ನುವ ಇಮ್ಯುನೋಥೆರಪಿ ಔಷಧಿ ಪಡೆದವರಲ್ಲಿ ಕಾಯಿಲೆ ಮುಂದುವರಿಯದೆ ಇದ್ದ ಅವಧಿ 16.5 ತಿಂಗಳು, ಕೀಮೋ ಪಡೆದವರಲ್ಲಿ 8.2 ತಿಂಗಳು. ಇದು ನಡುವಿನ ಲೆಕ್ಕ, ಎಷ್ಟೋ ಜನರಲ್ಲಿ ಅದಕ್ಕಿಂತ ಬಹಳ ಜಾಸ್ತಿ ದಿನ ನಿಂತಿದೆ.

ಗುದನಾಳದ ಕ್ಯಾನ್ಸರ್, ಎಂಎಂಆರ್ ಲಾಸ್ ಅಂದರೆ ಆಪರೇಷನ್‌ಗೆ, ರೇಡಿಯೇಷನ್‌ಗೆ ಒಪ್ಪುವ ಮುಂಚೆಯೇ ಕೇಳಿ. 2022ರಲ್ಲಿ ನ್ಯೂಯಾರ್ಕಿನಲ್ಲಿ ಡೊಸ್ಟಾರ್ಲಿಮ್ಯಾಬ್ ಅನ್ನುವ ಇಮ್ಯುನೋಥೆರಪಿ ಔಷಧಿಯನ್ನು ಆರು ತಿಂಗಳು ಕೊಟ್ಟ ಮೊದಲ 12 ರೋಗಿಗಳಲ್ಲಿ 12 ಮಂದಿಯ ಗಡ್ಡೆಯೂ ಪರೀಕ್ಷೆಗಳಲ್ಲಿ ಕಾಣದಂತಾಯಿತು. ಆಪರೇಷನ್ ಬೇಕಾಗಲಿಲ್ಲ. ಹೊಟ್ಟೆಯ ಮೇಲೆ ಶಾಶ್ವತ ಮಲದ ಚೀಲ ಹಾಕಿಸಿಕೊಳ್ಳಬೇಕಾ ಬೇಡವಾ ಅನ್ನುವ ಮಾತು ಇದು, ಅದಕ್ಕೇ ಮುಂಚೆಯೇ ಕೇಳಿ ಅನ್ನುತ್ತಿದ್ದೇನೆ. ದೊಡ್ಡ ಕರುಳಿನಲ್ಲೂ ನೆದರ್ಲೆಂಡ್ಸ್‌ನವರು ಆಪರೇಷನ್‌ಗೆ ಮುಂಚೆ ಕೆಲವೇ ವಾರ ಇಮ್ಯುನೋಥೆರಪಿ ಕೊಟ್ಟು ನೋಡಿದರು. 111 ರೋಗಿಗಳಲ್ಲಿ ನೂರಕ್ಕೆ 68 ಮಂದಿಯ ತೆಗೆದ ತುಂಡಿನಲ್ಲಿ ಜೀವಂತ ಕ್ಯಾನ್ಸರ್ ಕೋಶವೇ ಇರಲಿಲ್ಲ. ಅದೇ ದೇಶದವರ 2023ರ ಇನ್ನೊಂದು ಕೆಲಸ ನನಗೆ ಬಹಳ ಇಷ್ಟ. ಕೆಲವು ಗಡ್ಡೆಗಳು ಟಿ ಕೋಶಗಳು ಗುರುತಿಸುವ ಗುರುತನ್ನೇ ಅಳಿಸಿಕೊಂಡಿರುತ್ತವೆ, ಆದರೂ ಔಷಧಿಗೆ ಕರಗುತ್ತಿದ್ದವು. ಯಾಕೆ ಅಂತ ಹುಡುಕಿದರೆ, ಆ ಗುರುತಿನ ಹಂಗಿಲ್ಲದ ಗಾಮಾ ಡೆಲ್ಟಾ ಅನ್ನುವ ಇನ್ನೊಂದು ಬಗೆಯ ಟಿ ಕೋಶಗಳು ಅಲ್ಲಿ ಕೆಲಸ ಮಾಡುತ್ತಿದ್ದವು.

2ನೇ ಸ್ಟೇಜು, ಲಾಸ್ ಇದೆ ಅಂದರೆ ‘ನಮಗೆ ಕೀಮೋ ನಿಜವಾಗಿ ಬೇಕಾ?’ ಅಂತ ಕೇಳಿ. ಇಂಥವರಲ್ಲಿ ಕಾಯಿಲೆ ಮರಳುವುದು ಕಡಿಮೆ, ಫ್ಲೋರೊಯುರಾಸಿಲ್ ಅನ್ನುವ ಕೀಮೋ ಔಷಧಿ ಒಂದನ್ನೇ ಕೊಡುವುದರಿಂದ ಲಾಭವೂ ಕಾಣುವುದಿಲ್ಲ.

ಇನ್ನು ಎಂಎಂಆರ್ ಸರಿ ಇದೆ, ಎಂಎಸ್‌ಎಸ್ ಅಂತ ಬಂದವರಿಗೆ. ನೀವೇ ಜಾಸ್ತಿ ಜನ. ನಿಮಗೆ ಹೇಳುವುದು ಕಷ್ಟ, ಆದರೂ ಹೇಳಬೇಕು. ಈ ಬಗೆಯ ಗಡ್ಡೆಯಲ್ಲಿ ಇಮ್ಯುನೋಥೆರಪಿ ಔಷಧಿಯನ್ನು ಒಂದೇ ಕೊಟ್ಟರೆ ಹೆಚ್ಚಿನವರಲ್ಲಿ ಕೆಲಸ ಮಾಡುವುದಿಲ್ಲ. ಬಹಳ ದುಬಾರಿ ಔಷಧಿ. ಯಾರೋ ಹೇಳಿದರು ಅಂತ ಸೈಟು ಮಾರಬೇಡಿ, ಜಮೀನು ಅಡ ಇಡಬೇಡಿ. ನಿಮಗೆ ಕೀಮೋ, ಆಪರೇಷನ್, ಆರ್‌ಎಎಸ್ ಅನ್ನುವ ಜೀನ್ ಟೆಸ್ಟ್ ನೋಡಿ ಕೊಡುವ ಔಷಧಿಗಳು ಇವೆ, ಅವು ಕೆಲಸ ಮಾಡುತ್ತವೆ. ಟ್ರಯಲ್ ಏನಾದರೂ ನಡೆಯುತ್ತಿದೆಯಾ ಅಂತ ಕಿದ್ವಾಯಿಯಂಥ, ಟಾಟಾ ಮೆಮೋರಿಯಲ್‌ನಂಥ ಕಡೆ ಕೇಳಬಹುದು. ಇಮ್ಯೂನಿಟಿ ಜಾಸ್ತಿ ಮಾಡುತ್ತೇವೆ ಅಂತ ಪುಡಿ, ಕಷಾಯ, ಡ್ರಾಪ್ಸ್ ಮಾರುವವರಿಂದ ದೂರ ಇರಿ. ಗಡ್ಡೆಯೊಳಗಿನ ಟಿ ಕೋಶದ ಬ್ರೇಕ್ ಯಾವ ಕಷಾಯದಿಂದಲೂ ಬಿಡುವುದಿಲ್ಲ.

7. ದುಡ್ಡಿನ ದಾರಿ

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಟೆಸ್ಟ್ ಮತ್ತು ಔಷಧಿ ಎರಡರ ಹೆಸರನ್ನೂ ಬರೆದುಕೊಂಡು ಹೋಗಿ, ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಅಂತ ಚಿಕಿತ್ಸೆ ಶುರುವಾಗುವ ಮುಂಚೆಯೇ ಕೇಳಿ. ಔಷಧಿ ಕಂಪನಿಗಳ ರೋಗಿ ಸಹಾಯ ಯೋಜನೆ ಇದೆಯಾ ಅಂತ ಆಂಕೊಲಜಿಸ್ಟ್ ಹತ್ತಿರ ಕೇಳಿ. ಎಂಎಂಆರ್ ಟೆಸ್ಟ್ ಬೇರೆ ಬೇರೆ ಲ್ಯಾಬಿನಲ್ಲಿ ಬೇರೆ ದರ, ಸರ್ಕಾರಿ ಮತ್ತು ಟ್ರಸ್ಟ್ ಆಸ್ಪತ್ರೆಗಳಲ್ಲಿ ಮೊದಲು ವಿಚಾರಿಸಿ.

8. ಇಮ್ಯುನೋಥೆರಪಿ ಶುರುವಾದ ಮೇಲೆ

ಸಾಮಾನ್ಯವಾಗಿ ಕೂದಲು ಉದುರುವುದಿಲ್ಲ, ವಾಂತಿ ಕಡಿಮೆ. ಹಾಗಂತ ಹಗುರವಾಗಿ ತಗೋಬೇಡಿ. ಬ್ರೇಕ್ ಬಿಟ್ಟ ಕೋಶಗಳು ಒಳ್ಳೆ ಅಂಗಗಳ ಮೇಲೂ ಹೋಗಬಹುದು. ಥೈರಾಯ್ಡ್, ಲಿವರ್, ಶ್ವಾಸಕೋಶ, ಚರ್ಮ, ಕರುಳು. ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಸಲ ಭೇದಿ, ಮಲದಲ್ಲಿ ರಕ್ತ, ಹೊಸದಾಗಿ ಕೆಮ್ಮು, ಉಸಿರು ಸಿಕ್ಕಿಕೊಳ್ಳುವುದು, ಕಣ್ಣು ಹಳದಿ, ವಿಪರೀತ ಸುಸ್ತು ಇದ್ದರೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ. ನಿನ್ನೆ ಮದುವೆ ಊಟ ಹೆಚ್ಚಾಯಿತು ಅಂದುಕೊಂಡು ಮೆಡಿಕಲ್ ಶಾಪಿನ ಭೇದಿ ಮಾತ್ರೆ ನುಂಗಿ ಮಲಗಬೇಡಿ. ಬೇಗ ಸ್ಟೀರಾಯ್ಡ್ ಕೊಟ್ಟರೆ ಬಹುಪಾಲು ಹತೋಟಿಗೆ ಬರುತ್ತದೆ. ಈ ತೊಂದರೆಗಳು ಔಷಧಿ ನಿಲ್ಲಿಸಿ ತಿಂಗಳುಗಳಾದ ಮೇಲೂ ಬರಬಹುದು. ಊರಿನ ಡಾಕ್ಟರಿಗೆ ತೋರಿಸುವಾಗ ‘ಇವರಿಗೆ ಇಮ್ಯುನೋಥೆರಪಿ ಆಗಿದೆ’ ಅಂತ ಮೊದಲ ಮಾತಿನಲ್ಲೇ ಹೇಳಿ, ಔಷಧಿಯ ಹೆಸರು ಬರೆದ ಚೀಟಿ ಪರ್ಸಿನಲ್ಲಿ ಇರಲಿ.

ಕಳೆದ ವರ್ಷ ಒಬ್ಬ ಮಗ ಬ್ಲಾಕ್ ಕೇಳಿಕೊಂಡು ಬಂದಿದ್ದ. ತಾಯಿಗೆ ಬೇರೆ ಊರಿನಲ್ಲಿ ಆರು ಕೀಮೋ ಆಗಿತ್ತು, ಎಂಎಂಆರ್ ಮಾಡಿಸಿರಲಿಲ್ಲ. ಒಂದೂವರೆ ವರ್ಷದ ಹಳೇ ಬ್ಲಾಕ್, ನಮ್ಮ ಕಪಾಟಿನ ಮೂರನೇ ಸಾಲಿನಲ್ಲಿ ಇತ್ತು. ಹೊಸದಾಗಿ ನಾಲ್ಕು ಸ್ಲೈಡ್ ಕೊಯ್ದೆ. ಎಂಎಲ್‌ಎಚ್1 ಸ್ಲೈಡಿನಲ್ಲಿ ಗಡ್ಡೆ ಪೂರ್ತಿ ನೀಲಿ, ಅದರ ಗೋಡೆಯೊಳಗೆ ಕಂದು ಚುಕ್ಕಿಗಳ ಸಾಲು. ಪಿಎಂಎಸ್2 ಕೂಡ ಹಾಗೇ. ಮರುವಾರ ಅವರಿಗೆ ಇಮ್ಯುನೋಥೆರಪಿಯ ಮೊದಲ ಡೋಸ್ ಆಯಿತು ಅಂತ ಆತ ಫೋನ್ ಮಾಡಿ ಹೇಳಿದ. ಬ್ಲಾಕ್ ಈಗ ಮತ್ತೆ ನಮ್ಮ ಕಪಾಟಿನಲ್ಲೇ ಇದೆ, ಅದೇ ಸಾಲಿನಲ್ಲಿ.